ಒಂದೇ ಹಿಂಡಿನಲ್ಲಿ ಮೂರು ಬಗೆಯ ಕೊಂಬು

ಪ್ರಶ್ನೆ: ಭದ್ರಾ ಅಭಯಾರಣ್ಯದ ಮುತ್ತೋಡಿಯಲ್ಲಿ ಸಫಾರಿಗೆ ಹೋಗಿದ್ದಾಗ ಚುಕ್ಕೆ ಜಿಂಕೆಗಳ ಒಂದೇ ಹಿಂಡಿನಲ್ಲಿ ಒಂದು ಗಂಡಿಗೆ ಕವಲೊಡೆದ ಗಟ್ಟಿ ಕೊಂಬು, ಇನ್ನೊಂದಕ್ಕೆ ಮಖಮಲ್ಲು ಹೊದಿಸಿದಂತಹ ಮೊಂಡು ಕೊಂಬು ಇದ್ದವು, ಮೂರನೆಯದರ ತಲೆ ಬೋಳಾಗಿತ್ತು. ಅದು ಕೊಂಬು ಕಳೆದುಕೊಂಡದ್ದು ಕಾದಾಟದಲ್ಲೋ, ರೋಗದಿಂದಲೋ? ಕೊಂಬು ಉದುರುವುದಕ್ಕೆ ಇಂಥದ್ದೇ ಎಂಬ ಕಾಲವಿಲ್ಲವೇ? ಉದುರಿದ ಕೊಂಬು ತೋಟದಲ್ಲಿ ಸಿಕ್ಕರೆ ಮನೆಗೆ ತರಬಹುದೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಜಿಂಕೆ, ಕಡವೆಗಳ ಕೊಂಬು ಅಪ್ಪಟ ಮೂಳೆ. ಅದು ಸುಮಾರು ವರ್ಷಕ್ಕೊಮ್ಮೆ ಬುಡದಿಂದ ಕಳಚಿಬಿದ್ದು ಮತ್ತೆ ಬೆಳೆಯುತ್ತದೆಯಾದ್ದರಿಂದ ಬೋಳುತಲೆಯ ಗಂಡನ್ನು ಕಂಡು ಮರುಗಬೇಕಾಗಿಲ್ಲ. (ನಿಮ್ಮದೇ ಜಿಲ್ಲೆಯ ಬಾಸೂರು ಅಮೃತಮಹಲ್ ಕಾವಲಿನ ಕೃಷ್ಣಮೃಗದ ಮಾತು ಬೇರೆ, ಅದರ ಕೊಂಬು ಮೂಳೆಯ ತಿರುಳಿನ ಮೇಲೆ ಉಗುರಿನ ವಸ್ತುವಿನಿಂದಾದ ಕವಚ, ಉದುರುವುದಿಲ್ಲ.) ನೀವು ಕಂಡ ಮೂರೂ ಒಂದೇ ಚಕ್ರದ ಹಂತಗಳು, ಆ ಚಕ್ರವನ್ನು ನಡೆಸುವುದು ವೃಷಣಗಳು.

ವೃಷಣಗಳು ಸ್ರವಿಸುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ರಕ್ತದಲ್ಲಿ ತಗ್ಗಿದಾಗ, ಕೊಂಬು ತಲೆಬುರುಡೆಯ ಬುಡಕ್ಕೆ ಕೂಡುವಲ್ಲಿನ ಮೂಳೆಯನ್ನು ಅಲ್ಲಿಯ ಜೀವಕೋಶಗಳೇ ಕರಗಿಸುತ್ತವೆ. ಕೊಂಬು ಸಡಿಲಗೊಂಡು ಬೀಳುತ್ತದೆ. ಆ ಗಾಯದ ಮೇಲೆ ಚರ್ಮ ಹಬ್ಬಿ, ರಕ್ತನಾಳಗಳು ತುಂಬಿದ, ನವಿರು ರೋಮದ ಹೊದಿಕೆಯೊಳಗೆ ಹೊಸ ಕೊಂಬು ಚಿಗುರುತ್ತದೆ. ಮುಟ್ಟಿದರೆ ಬೆಚ್ಚಗಿರುವ ಈ ಎಳೆಗೊಂಬಿಗೆ ಪೆಟ್ಟಾದರೆ ರಕ್ತ ಸುರಿಯುತ್ತದೆ. ಹಾಗಾಗಿ ಈ ದಿನಗಳಲ್ಲಿ ಜಗಳ ಬಂದರೆ ಗಂಡುಗಳು ಕೊಂಬು ತಾಗಿಸದೆ, ಹಿಂಗಾಲಿನ ಮೇಲೆ ಎದ್ದು ಮುಂಗಾಲಿನಿಂದ ಬಡಿದಾಡುತ್ತವೆ. ವೃಷಣಗಳು ಮತ್ತೆ ಹಿಗ್ಗಿ ಹಾರ್ಮೋನು ಏರಿದಂತೆ ಕೊಂಬು ಗಟ್ಟಿಯಾಗಿ, ರಕ್ತದ ಹರಿವು ನಿಂತು, ಹೊದಿಕೆ ಒಣಗಿ ಚಿಂದಿಚಿಂದಿಯಾಗಿ ಜೋತುಬೀಳುತ್ತದೆ. ಅದನ್ನು ಗಂಡು ಎಳೆಯ ಮರಗಳಿಗೆ ತಿಕ್ಕಿ ತೆಗೆಯುತ್ತದೆ. ಕತ್ತು ದಪ್ಪವಾಗುವುದು, ಬೆದೆಯ ಕೂಗು ಶುರುವಾಗುವುದು ಇದೇ ಹೊತ್ತಿಗೆ. ಗಟ್ಟಿ ಕೊಂಬಿರುವಾಗ ಬೀಜ ತೆಗೆದರೆ ಕೆಲವೇ ವಾರಗಳಲ್ಲಿ ಕೊಂಬು ಉದುರುತ್ತದೆ, ಆಮೇಲೆ ಬಂದದ್ದು ಹೊದಿಕೆಯನ್ನು ಕಳಚುವುದೇ ಇಲ್ಲ ಎಂಬುದು ಈ ನಂಟಿಗೆ ನೇರವಾದ ಸಾಕ್ಷಿ.

ಕಾಲದ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಸ್ಕಾಟ್ಲೆಂಡಿನ ಕೆಂಪು ಜಿಂಕೆಗಳಲ್ಲಿ ಗಂಡುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ವಸಂತದಲ್ಲಿ ಕೊಂಬು ಉದುರಿಸಿ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬೆದೆಗೆ ಬರುತ್ತವೆ. ನಡುವೆ ವೃಷಣಗಳು ಕುಗ್ಗಿ ವೀರ್ಯಾಣುಗಳ ಉತ್ಪಾದನೆಯೇ ನಿಂತಿರುತ್ತದೆ. ಅಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಹತ್ತು ಗಂಟೆಗಿಂತ ಹೆಚ್ಚಿನ ಅಂತರವಿದ್ದು, ಇರುಳಿನಲ್ಲಿ ಮೆದುಳಿನ ಪೀನಿಯಲ್ ಗ್ರಂಥಿ ಸ್ರವಿಸುವ ಮೆಲಟೋನಿನ್ ಆ ವ್ಯತ್ಯಾಸವನ್ನು ದೇಹಕ್ಕೆ ತಿಳಿಸುತ್ತದೆ. ಚಿಕ್ಕಮಗಳೂರಿನಲ್ಲಿ ಈ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಆದರೆ ಹಗಲಿನ ಉದ್ದವೊಂದರಿಂದಲೇ ಚುಕ್ಕೆ ಜಿಂಕೆಯ ನಡವಳಿಕೆಯನ್ನು ವಿವರಿಸಲಾಗದು: 1932ರಲ್ಲಿ ಅಮೆರಿಕದ ಟೆಕ್ಸಾಸಿಗೆ ಒಯ್ದ ಚುಕ್ಕೆ ಜಿಂಕೆಗಳ ಸಂತತಿಯಲ್ಲಿ, ಹಗಲಿನ ಏರಿಳಿತ ಅಲ್ಲಿ ಹೆಚ್ಚಿದ್ದರೂ, ಇಂದಿಗೂ ಯಾವ ತಿಂಗಳಲ್ಲಾದರೂ ಗಟ್ಟಿ ಕೊಂಬಿನ ಗಂಡು ಕಾಣುತ್ತದೆ. ಪ್ರತಿ ಗಂಡಿಗೂ ತನ್ನದೇ ಪಂಚಾಂಗ ಎನ್ನಬಹುದು. ಹೆಣ್ಣುಗಳೂ ವರ್ಷದ ಯಾವ ಕಾಲದಲ್ಲಾದರೂ ಬೆದೆಗೆ ಬರಬಲ್ಲವಾದ್ದರಿಂದ ಸಿದ್ಧವಾಗಿರುವ ಗಂಡು ಹಿಂಡಿಗೆ ಸದಾ ಬೇಕು. ಹಾಗೆಂದು ಕಾಲದ ಒಲವೇ ಇಲ್ಲವೆಂದಲ್ಲ. ಮಧ್ಯಪ್ರದೇಶದ ಕಾನ್ಹಾದಲ್ಲಿ 1960ರ ದಶಕದಲ್ಲಿ ಅಧ್ಯಯನ ನಡೆಸಿದ ಜಾರ್ಜ್ ಶಾಲರ್, ಬೆದೆ ಮೇ ತಿಂಗಳ ಸುಮಾರಿಗೆ ಜೋರಾಗಿರುವುದನ್ನು ಗುರುತಿಸಿದ್ದರು.

ಉದುರಿದ ಕೊಂಬನ್ನು ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧವಾಗುತ್ತದೆ. ಕಾಡಿನಲ್ಲಿ ಬಿದ್ದದ್ದನ್ನು ಮುಳ್ಳುಹಂದಿಗಳು ಸುಣ್ಣ, ರಂಜಕಗಳ ಆಸೆಗೆ ಕಡಿಯುತ್ತವೆ. ತೋಟದಲ್ಲಿ ಕಂಡರೆ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಿ.