ವಾಂಜಿನಾ ಚಿತ್ರಕ್ಕೆ ಹೊಸ ಬಣ್ಣ ಬಳಿಯಬಹುದೇ?

ಓದುಗರ ಪತ್ರ: ಆಸ್ಟ್ರೇಲಿಯಾದ ಮೂಲನಿವಾಸಿಗಳು ತಮ್ಮ ಪುರಾತನ ಬಂಡೆಚಿತ್ರಗಳ ಮೇಲೆ ಹೊಸ ಬಣ್ಣ ಬಳಿಯುತ್ತಾರಂತೆ. ಬಾದಾಮಿಯ ಗುಹೆಯಲ್ಲಿ ಯಾರಾದರೂ ಹೀಗೆ ಮಾಡಿದರೆ ಸುಮ್ಮನಿರುತ್ತೇವೆಯೇ? ಇದು ಪರಂಪರೆಯ ನಾಶವಲ್ಲವೇ?

ಸಂಪಾದಕರ ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ, ಆದರೆ ನಾಶ ಎನ್ನಲು ಒಪ್ಪಲಾರೆವು. ನೀವು ಹೇಳುತ್ತಿರುವುದು ವಾಯವ್ಯ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದ ವಾಂಜಿನಾ ಚಿತ್ರಗಳನ್ನು ಇರಬೇಕು: ಬಿಳಿ ಮುಖ, ದೊಡ್ಡ ಕಣ್ಣು, ತಲೆಯ ಸುತ್ತ ಪ್ರಭೆ, ಬಾಯಿ ಇರುವುದಿಲ್ಲ. ವೊರೋರಾ, ವುನಂಬಲ್, ಙಾರಿನ್ಯಿನ್ ಜನರಿಗೆ ವಾಂಜಿನಾಗಳು ಮಳೆ ತರುವ ದೇವತೆಗಳು. ಬಂಡೆಯೊಳಗೆ ಸೇರುವಾಗ ತಮ್ಮ ರೂಪವನ್ನು ತಾವೇ ಅಲ್ಲಿ ಬಿಟ್ಟುಹೋದರೆಂಬ ನಂಬಿಕೆ. ರೂಪ ಮಾಸಿದರೆ ಅದರ ಶಕ್ತಿಯೂ ಕುಂದುತ್ತದೆ. ಹಾಗಾಗಿ ಅದಕ್ಕೆ ಮತ್ತೆ ಬಣ್ಣ ಕೊಡುವುದು ಆ ಜಾಗದ ಹೊಣೆ ಹೊತ್ತವರ ಕರ್ತವ್ಯ. ಬಾದಾಮಿಯ ಚಿತ್ರಗಳಿಗೆ ಅಂಥ ವಾರಸುದಾರಿಕೆ ಉಳಿದಿಲ್ಲ. ಅಲ್ಲಿ ಮುಟ್ಟದಿರುವುದೇ ಸರಿ.

ಬಣ್ಣದ ಗುಣವನ್ನೂ ನೋಡಿ. ಮೊದಲು ಬಿಳಿಯನ್ನು ದಪ್ಪಗೆ ಬಳಿದು, ಮೇಲೆ ಕೆಂಪು ಕಾವಿಮಣ್ಣು ಮತ್ತು ಇದ್ದಿಲಿನಿಂದ ಗೆರೆ, ಕಣ್ಣು ಬರೆಯುತ್ತಾರೆ. ಆ ಬಿಳಿ ಹಲವೆಡೆ ಹಂಟೈಟ್ ಎಂಬ ಮೆಗ್ನೀಶಿಯಂ-ಕ್ಯಾಲ್ಸಿಯಂ ಖನಿಜ. ಪದರ ದಪ್ಪವಾದಷ್ಟೂ ಬಿರುಕು ಬಿಟ್ಟು ಹಕ್ಕಳೆಯಾಗಿ ಉದುರುತ್ತದೆ. ಕೈ ಹಚ್ಚದೆ ಬಿಟ್ಟರೆ ಉಳಿಯುವ ಚಿತ್ರವಲ್ಲ ಅದು. ಬಂಡೆಗೆ ಇಳಿದ ಹಳೆಯ ಕೆಂಪು ಹಾಗಲ್ಲ. ಕಿಂಬರ್ಲಿಯ ಒಂದು ಕಾಂಗರೂ ಚಿತ್ರಕ್ಕೆ ಸುಮಾರು 17,300 ವರ್ಷ. ಕಾವಿಯಲ್ಲಿ ಕಾಲ ಅಳೆಯಲು ಬೇಕಾದ ಇಂಗಾಲವಿಲ್ಲದ ಕಾರಣ, ಚಿತ್ರದ ಅಡಿಯಲ್ಲೂ ಮೇಲೂ ಇದ್ದ ಕಣಜದ ಹುಳುಗಳ ಮಣ್ಣುಗೂಡುಗಳಿಂದ ಆ ಕಾಲ ಗೊತ್ತಾಯಿತು. ಗೂಡನ್ನು ಕೊಳೆಯೆಂದು ಕೆರೆದು ತೆಗೆದರೆ ಸಾಕ್ಷ್ಯವೂ ಹೋಗುತ್ತದೆ.

ಹಾಗೆಂದು ಯಾರು ಬೇಕಾದರೂ ಕುಂಚ ಹಿಡಿಯುವಂತಿಲ್ಲ. 1987ರಲ್ಲಿ ಸರ್ಕಾರಿ ನೆರವಿನ ಯೋಜನೆಯೊಂದರಲ್ಲಿ ಯುವಕರು ವಾಂಜಿನಾಗಳಿಗೆ ಬಣ್ಣ ಕೊಟ್ಟಾಗ ದೊಡ್ಡ ವಿವಾದವೇ ಎದ್ದಿತು. ಙಾರಿನ್ಯಿನ್ ಹಿರಿಯ ಡೇವಿಡ್ ಮೊವಾಲ್ಜರ್ಲೈ ಬಣ್ಣ ಕೊಟ್ಟದ್ದನ್ನು ಸಮರ್ಥಿಸಿದರು. ತೀರ್ಮಾನ ಆ ಸಮುದಾಯದೊಳಗೇ ಆಗಬೇಕು ಎಂಬುದು ನಮ್ಮ ನಿಲುವು. ಏಕೆಂದರೆ ಚಿತ್ರದ ಕಥೆ, ಹಾಡು, ಕುಣಿತದ ತಿಳಿವಳಿಕೆ ಆಚರಣೆಗಳಲ್ಲಿ ಹಂತಹಂತವಾಗಿ ದೊರೆಯುತ್ತದೆ. ಕೆಲವು ವಿಷಯ ದೀಕ್ಷೆ ಪಡೆದ ಗಂಡಸರಿಗೆ ಮಾತ್ರ, ಇನ್ನು ಕೆಲವು ವಿಷಯ ಹೆಂಗಸರಿಗೆ ಮಾತ್ರ. ಕೆಲವು ಜಾಗಗಳಲ್ಲಿ ಫೋಟೊ ನಿಷೇಧವಿರುವುದೂ ಇದರಿಂದಲೇ.

ನಿಜವಾದ ಹಾನಿ ಬೇರೆ ಕಡೆಯಿಂದ ಬರುತ್ತದೆ. ಉತ್ತರ ಆಸ್ಟ್ರೇಲಿಯಾದ ಕಾಕಡು ರಾಷ್ಟ್ರೀಯ ಉದ್ಯಾನದಲ್ಲಿ ಮಳೆನೀರು ಚಿತ್ರದ ಮೇಲೆ ಇಳಿಯದಂತೆ ಬಂಡೆಗೆ ಸಿಲಿಕೋನ್ ಏಣು ಹಚ್ಚಿದ್ದಾರೆ; ಅದು ಒಂದೆಡೆ ಕಿತ್ತರೂ ನೀರೆಲ್ಲ ಅಲ್ಲೇ ನುಗ್ಗುತ್ತದೆ. ಕಾಡೆಮ್ಮೆ ಮೈ ಉಜ್ಜುತ್ತದೆ, ಹುಲ್ಲಿನ ಬೆಂಕಿಯ ಶಾಖಕ್ಕೆ ಮರಳುಗಲ್ಲು ಸಿಡಿಯುತ್ತದೆ. ಎಲ್ಲಕ್ಕಿಂತ ದೊಡ್ಡದು ಗಣಿ. 46,000 ವರ್ಷಗಳ ಮಾನವ ವಾಸದ ಕುರುಹಿದ್ದ, ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಮರಿಯ ಕಲ್ಲಾಸರೆಗಳನ್ನು 2020ರ ಮೇ ತಿಂಗಳಲ್ಲಿ ರಿಯೊ ಟಿಂಟೊ ಕಂಪನಿ ಸ್ಫೋಟಿಸಿದ್ದು ಕಾನೂನಿನ ಅನುಮತಿ ಪಡೆದೇ. ಆ ರಾಜ್ಯದ 1972ರ ಮೂಲನಿವಾಸಿ ಪರಂಪರೆ ಕಾಯ್ದೆಯಡಿ ಅನುಮತಿಯ ತೀರ್ಮಾನವನ್ನು ಪ್ರಶ್ನಿಸುವ ಅವಕಾಶ ಕಂಪನಿಗಿತ್ತು, ಆ ನೆಲದ ಜನರಿಗಿರಲಿಲ್ಲ.