ಗ್ಲಾಕೋಮಾ ವಿಜ್ಞಾನಿಯ ಎಚ್-ಇಂಡೆಕ್ಸ್ ಎರಡು ಕಡೆ ಎರಡು ಥರ ಯಾಕೆ?

ಎಚ್-ಇಂಡೆಕ್ಸ್ 40 ಅಂದರೆ, ತಲಾ ಕನಿಷ್ಠ 40 ಸಲ ಬೇರೆ ಬರಹಗಳಲ್ಲಿ ಉಲ್ಲೇಖವಾದ 40 ಸಂಶೋಧನಾ ಪೇಪರ್‌ಗಳು ಅವರದ್ದಿವೆ ಅಂತ. ಗ್ಲಾಕೋಮಾ ಅನ್ನೋ ಕಣ್ಣಿನ ಕಾಯಿಲೆ ಬಗ್ಗೆ ಸಂಶೋಧನೆ ಮಾಡುವ ಒಬ್ಬರ ಎಚ್-ಇಂಡೆಕ್ಸ್ ಗೂಗಲ್ ಸ್ಕಾಲರ್‌ನಲ್ಲಿ 58, ಸ್ಕೋಪಸ್‌ನಲ್ಲಿ 39 ಇದೆ ಅಂತ ಕೇಳಿದ್ದೀರಿ. ಇವೆರಡೂ ಪೇಪರ್‌ಗಳನ್ನೂ ಅವುಗಳ ಉಲ್ಲೇಖಗಳನ್ನೂ ಲೆಕ್ಕ ಇಡುವ ತಾಣಗಳು. ಬಹುಶಃ ಸ್ಕೋಪಸ್‌ನಲ್ಲಿ ಅವರ ಪ್ರೊಫೈಲ್ ಎರಡಾಗಿ ಒಡೆದಿದೆ. ಇನಿಶಿಯಲ್ ಹಿಂದೆಮುಂದೆ ಆದರೂ ಸಾಕು, ಹೀಗಾಗುತ್ತೆ. ಮೊದಲು ಹೆಸರನ್ನು ಬೇರೆ ಬೇರೆ ಥರ ಬರೆದು ಹುಡುಕಿ. ಎರಡು ಸಿಕ್ಕರೆ ಅವುಗಳ ಎಚ್-ಇಂಡೆಕ್ಸ್ ಸುಮ್ನೆ ಕೂಡಿಸಬೇಡಿ, ಲೆಕ್ಕ ತಪ್ಪುತ್ತೆ. ಎಲ್ಲ ಪೇಪರ್‌ಗಳನ್ನೂ ಒಂದೇ ಪಟ್ಟಿಗೆ ಹಾಕಿ, ಉಲ್ಲೇಖ ಜಾಸ್ತಿ ಇರುವುದರಿಂದ ಕೆಳಕ್ಕೆ ಎಣಿಸಿ. 40ನೇ ಪೇಪರ್‌ಗೆ 40 ಉಲ್ಲೇಖ ಇದ್ದು, 41ನೆಯದಕ್ಕೆ 38 ಇದ್ದರೆ ಉತ್ತರ 40.

ಆಮೇಲೆ ಸ್ಕಾಲರ್ ಕಡೆ ನೋಡಿ. ಅದು ಥೀಸಿಸ್, ಪ್ರಿಪ್ರಿಂಟ್‌ಗಳಿಂದ (ತಜ್ಞರ ಪರಿಶೀಲನೆಗೆ ಮೊದಲೇ ಹಾಕಿದ ಪೇಪರ್‌ಗಳಿಂದ) ಬಂದ ಉಲ್ಲೇಖಗಳನ್ನೂ ಎಣಿಸುತ್ತೆ. ಅದೇ ಹೆಸರಿನ ಬೇರೆಯವರ ಪೇಪರ್ ನುಸುಳಿರಲೂಬಹುದು. ಕಣ್ಣಿಗೆ ಸಂಬಂಧವೇ ಇಲ್ಲದ ಶೀರ್ಷಿಕೆ ಕಂಡರೆ ಅನುಮಾನಪಡಿ. ಅವರ ಓರ್ಕಿಡ್ (ORCID, ಸಂಶೋಧಕರ ಗುರುತಿನ ಸಂಖ್ಯೆ) ಪುಟ ಇದ್ದರೆ ಅದರ ಜೊತೆ ತಾಳೆ ನೋಡಿ.

ವರದಿಯಲ್ಲಿ ಯಾವ ಅಂಕಿ ಹಾಕಿದರೂ ಪಕ್ಕದಲ್ಲಿ ಮೂಲ, ತಾರೀಖು ಬರೆಯಿರಿ.