ಕಂಪ್ಯೂಟರ್‌ನಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿಯೇ ಯೂನಿಕೋಡ್. ಅದರಲ್ಲಿ ಇಥಿಯೋಪಿಯಾದ ಗೀಝ್ ಲಿಪಿಯ 'ಹು'ಗೆ ಒಂದೇ ಸಂಖ್ಯೆ, ಕನ್ನಡದ 'ಹು'ಗೆ ಎರಡು. ಯಾಕೆ?

ಗೀಝ್‌ನಲ್ಲಿ ಸ್ವರ ಸೇರಿದ ಇಡೀ ಅಕ್ಷರವನ್ನೇ ಒಂದು ಘಟಕ ಅಂತ ಎಣಿಸಿದ್ದಾರೆ, ಅದಕ್ಕೆ. ಕನ್ನಡದಲ್ಲಿ 'ಹ' ಬೇರೆ, ಕೊಂಬು ಬೇರೆ. ಕಂಪ್ಯೂಟರ್ ಎರಡನ್ನೂ ಒಂದರ ಹಿಂದೆ ಒಂದು ಇಟ್ಟುಕೊಂಡು, ತೋರಿಸುವಾಗ ಕೂಡಿಸುತ್ತದೆ.

ಗೀಝ್ ಅಕ್ಷರಗಳು 1999ರಲ್ಲಿ ಯೂನಿಕೋಡ್ 3.0ರ ಜೊತೆ ಬಂದವು. ಅಲ್ಲಿ 'ಹ' 1200, 'ಹು' 1201, 'ಹಿ' 1202. ಇವು 16ರ ಲೆಕ್ಕದ ಸಂಖ್ಯೆಗಳು. ಒಂದೊಂದು ವ್ಯಂಜನಕ್ಕೂ ಸಾಮಾನ್ಯವಾಗಿ ಎಂಟು ಮನೆ ಬಿಟ್ಟಿದ್ದಾರೆ, ಹಾಗಾಗಿ ಮುಂದಿನ ಸಾಲು 1208ಕ್ಕೆ ಶುರು. ನಮ್ಮ ಕಾಗುಣಿತದ ಕೋಷ್ಟಕವನ್ನೇ ಹಾಗ್ಹಾಗೇ ಒಳಗೆ ಇಟ್ಟಂತೆ!

ಹೀಗೆ ಮಾಡಲು ಆಗಿದ್ದು ಆ ಲಿಪಿಯಲ್ಲಿ ಒತ್ತಕ್ಷರ ಇಲ್ಲದ್ದರಿಂದ. ಪ್ರತಿ ವ್ಯಂಜನಕ್ಕೆ ಏಳು ಮುಖ್ಯ ರೂಪ, ಆರನೆಯದೇ ಸ್ವರವಿಲ್ಲದ ವ್ಯಂಜನವಾಗಿಯೂ ನಡೆಯುತ್ತದೆ. ಅಂದರೆ ಕೆಲವು ನೂರು ಅಕ್ಷರಗಳಲ್ಲಿ ಲೆಕ್ಕ ಮುಗೀತು. ಮೇಲಾಗಿ ಸ್ವರದ ಗುರುತು ಎಲ್ಲ ಅಕ್ಷರಕ್ಕೂ ಒಂದೇ ಥರ ಇರುವುದಿಲ್ಲ. ಒಂದರ ಕಾಲು ಉದ್ದವಾಗುತ್ತದೆ, ಇನ್ನೊಂದಕ್ಕೆ ಬಳೆ ಅಂಟಿಕೊಳ್ಳುತ್ತದೆ. ಬಿಡಿಸಿಟ್ಟು ಮತ್ತೆ ಕೂಡಿಸುವುದು ಸುಮ್ನೆ ತಲೆನೋವು. ಕನ್ನಡದಲ್ಲಿ 'ಸ್ತ್ರೀ', 'ರಾಷ್ಟ್ರ' ಥರದ ಜೋಡಣೆಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುತ್ತಾ ಹೋದರೆ ಪಟ್ಟಿ ಮುಗಿಯೋದೇ ಇಲ್ಲ, ಅಲ್ವಾ?

ಟೈಪ್ ಮಾಡುವವರಿಗೆ ಮಾತ್ರ ಜಾಸ್ತಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಇದೇ ಲಿಪಿಯಲ್ಲಿ ಇಥಿಯೋಪಿಯಾದ ಅಮ್ಹಾರಿಕ್ ಭಾಷೆ ಬರೆಯುವವರೂ ಸಾಮಾನ್ಯವಾಗಿ ವ್ಯಂಜನದ ಕೀಲಿ, ಆಮೇಲೆ ಸ್ವರದ ಕೀಲಿ ಒತ್ತುತ್ತಾರೆ. 'ಹು' ಬೇಕಾದರೆ, ಕೀಬೋರ್ಡ್ ತಂತ್ರಾಂಶ ಮೊದಲು ಬಂದ ಅಕ್ಷರವನ್ನು ತೆಗೆದು, ಆ ಜಾಗದಲ್ಲಿ 1201 ಇಡುತ್ತದೆ.